ಹನ್ನೆರಡು ಯಜಮಾನರು, ಒಂದು ಡಬ್ಬಿ ಹುಣಸೆಬೀಜ

ಅರಣ್ಯಕಾಂಡ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ರಾಮಾಯಣ. ಕನ್ನಡ ಬೈಬಲಿನಲ್ಲೂ ಒಂದು ಅರಣ್ಯಕಾಂಡ ಇದೆ. ಮೋಶೆಯ ಐದು ಪುಸ್ತಕಗಳಲ್ಲಿ ಅದು ನಾಲ್ಕನೆಯದು. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ಮೋಶೆಯ ಹಿಂದೆ ಮರಳುಗಾಡಿನಲ್ಲಿ ಅಲೆದ ಕಥೆ. ಹೀಬ್ರೂವಿನಲ್ಲಿ ಅದರ ಹೆಸರು ‘ಬಮಿದ್ಬಾರ್’, ಅಂದರೆ ಮರಳುಗಾಡಿನಲ್ಲಿ. ಇಂಗ್ಲಿಷಿನವರು ‘ಎಣಿಕೆಗಳು’ ಅನ್ನೋ ಅರ್ಥದ ಹೆಸರಿಟ್ಟುಕೊಂಡಿದ್ದಾರೆ. ನಮ್ಮದೇ ಮೂಲಕ್ಕೆ ಹತ್ತಿರ. ಆದರೂ ಸಂಡೇ ಸ್ಕೂಲಿನಲ್ಲಿ ಈ ಪುಸ್ತಕವನ್ನು ಯಾರೂ ಇಷ್ಟಪಟ್ಟು ಕೈಗೆತ್ತಿಕೊಳ್ಳುವುದಿಲ್ಲ. ಬರೀ ಹೆಸರು, ಲೆಕ್ಕ, ಮತ್ತೆ ಹೆಸರು.

ನನ್ನ ಪಾಲಿಗೆ ಅದು ಬಂದದ್ದು ಚೀಟಿ ಎತ್ತಿದ್ದರಿಂದ. ಬೇಸಿಗೆ ರಜೆಯ ವಿ.ಬಿ.ಎಸ್., ಅಂದರೆ ಚರ್ಚಿನಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ, ಹತ್ತು ದಿನ. ಒಬ್ಬರಿಗೆ ದಾವೀದ ಸಿಕ್ಕಿದ, ಒಬ್ಬರಿಗೆ ಯೋನ. ನನ್ನ ಚೀಟಿಯಲ್ಲಿ ‘ಇಸ್ರಾಯೇಲಿನ ಕುಲಾಧಿಪತಿಗಳು’ ಅಂತಿತ್ತು. ಪಕ್ಕದಲ್ಲಿದ್ದ ಟೀಚರ್ ನಕ್ಕುಬಿಟ್ಟರು.

ಮೊದಲ ದಿನವೇ ಎಡವಿದೆ. ಇಸ್ರಾಯೇಲ್ಯರ ಮೂಲಪುರುಷ ಯಾಕೋಬನಿಗೆ ಹನ್ನೆರಡು ಗಂಡುಮಕ್ಕಳು, ಹಾಗಾಗಿ ಹನ್ನೆರಡು ಕುಲ ಅಂತ ಬೋರ್ಡಿನಲ್ಲಿ ಬರೆದೆ. ಲೇವಿಯನ್ನೂ ಬರೆದೆ, ಯೋಸೇಫನ ಬದಲು ಅವನ ಇಬ್ಬರು ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯನ್ನೂ ಬರೆದೆ. ಎಣಿಸಿದರೆ ಹದಿಮೂರು! ಮಕ್ಕಳ ಮುಂದೆ ಬೆಪ್ಪಾಗಿ ನಿಂತೆ. ಮನೆಗೆ ಹೋಗಿ ಮತ್ತೆ ಓದಿದಾಗ ಸಂಗತಿ ತಿಳಿಯಿತು. ಲೇವಿಯ ಕುಲದವರಿಗೆ ದೇವರ ಆರಾಧನೆ ನಡೆಯುತ್ತಿದ್ದ ಗುಡಾರದ ಸೇವೆ ಇದ್ದದ್ದರಿಂದ ಈ ಲೆಕ್ಕಕ್ಕೆ ಅವರನ್ನು ಸೇರಿಸಿಲ್ಲ. ಆ ಜಾಗ ತುಂಬುವುದು ಯೋಸೇಫನ ಪಾಲು ಎರಡಾಗಿರುವುದರಿಂದ. ಈ ಪಾಠ ಮಾಡುವವರು ಇದನ್ನು ಮೊದಲೇ ಬಿಡಿಸಿಕೊಂಡು ಹೋಗಿ. ನನ್ನ ಹಾಗೆ ಬೋರ್ಡಿನ ಮುಂದೆ ಬೆವರಬೇಡಿ.

ಎರಡನೇ ದಿನ ಬೋರ್ಡು ಬಿಟ್ಟು ಹೊರಗೆ ಬಂದೆವು. ಕಾಂಪೌಂಡಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಚೌಕ ಎಳೆದೆ. ನಡುವೆ ಒಂದು ಸ್ಟೂಲು, ಅದೇ ದೇವದರ್ಶನದ ಗುಡಾರ. ಸೂರ್ಯ ಹುಟ್ಟುವ ಕಡೆ ಯೆಹೂದ, ಇಸ್ಸಾಕಾರ್, ಜೆಬುಲೂನ್. ದಕ್ಷಿಣಕ್ಕೆ ರೂಬೇನ್, ಸಿಮೆಯೋನ್, ಗಾದ್. ಪಶ್ಚಿಮಕ್ಕೆ ಎಫ್ರಾಯೀಮ್, ಮನಸ್ಸೆ, ಬೆನ್ಯಾಮೀನ್. ಉತ್ತರಕ್ಕೆ ದಾನ್, ಆಶೇರ್, ನಫ್ತಾಲಿ. ಹನ್ನೆರಡು ಮಕ್ಕಳ ಕುತ್ತಿಗೆಗೆ ರಟ್ಟಿನ ಚೀಟಿ ಕಟ್ಟಿದೆ. ಅಮ್ಮೀನಾದಾಬನ ಮಗ ನಹಶೋನ್, ಚೂವಾರನ ಮಗ ನೆತನೇಲ್, ಶೆದೇಯೂರನ ಮಗ ಎಲೀಚೂರ್, ಹೀಗೆ. ಉಳಿದ ಮಕ್ಕಳೆಲ್ಲ ಅವರವರ ಯಜಮಾನರ ಹಿಂದೆ.

‘ಯಜಮಾನ’ ಅನ್ನೋ ಪದ ಕೊಟ್ಟಿದ್ದು ಒಬ್ಬ ಹುಡುಗನೇ. ಕುಲಾಧಿಪತಿ ಅಂದ್ರೆ ರಾಜನಾ ಅಂತ ಕೇಳಿದ. ಇಲ್ಲಪ್ಪ, ಆಗ ರಾಜ ಇರಲಿಲ್ಲ, ಮೊದಲ ರಾಜ ಸೌಲ ಬರುವುದು ಎಷ್ಟೋ ಕಾಲದ ಮೇಲೆ ಅಂದೆ. ‘ಹಂಗಾದ್ರೆ ನಮ್ಮೂರ ಯಜಮಾನ್ರ ಥರ ಅನ್ನಿ’ ಅಂದ. ಸರಿಯಾಗಿಯೇ ಹೇಳಿದ. ಹೀಬ್ರೂ ಪದ ‘ನಾಸೀ’. ಎತ್ತು, ಮೇಲೆತ್ತು ಅನ್ನೋ ಧಾತುವಿನಿಂದ ಬಂದದ್ದು, ಜನರ ನಡುವಿನಿಂದ ಎತ್ತಿ ನಿಲ್ಲಿಸಿದವನು ಅಂತ. ಈಗಿನ ಇಸ್ರೇಲ್ ದೇಶದ ರಾಷ್ಟ್ರಪತಿಯನ್ನೂ ಇದೇ ಪದದಿಂದ ಕರೆಯುತ್ತಾರೆ.

ಹೆಸರುಗಳು ಬಾಯಲ್ಲಿ ತಿರುಗುತ್ತಿರಲಿಲ್ಲ. ಅದಕ್ಕೊಂದು ದಾರಿ ಸಿಕ್ಕಿತು. ನಮ್ಮಲ್ಲಿ ಸಿದ್ದಪ್ಪ, ರಾಜಣ್ಣ ಅಂತ ಹೆಸರಲ್ಲೇ ಅಪ್ಪ, ಅಣ್ಣ ಸೇರಿಸುತ್ತೇವಲ್ವಾ? ಅವರಲ್ಲೂ ಅದೇ, ಆದರೆ ಹೆಸರಿನ ಮುಂಭಾಗದಲ್ಲಿ. ‘ಅಬೀ’ ಅಂದರೆ ನನ್ನ ಅಪ್ಪ: ಅಬೀದಾನ್. ‘ಅಹೀ’ ಅಂದರೆ ನನ್ನ ಅಣ್ಣ ಅಥವಾ ತಮ್ಮ: ಅಹೀಗೆಜೆರ್, ಅಹೀರ. ‘ಅಮ್ಮೀ’ ಅಂದರೆ ನನ್ನ ಬಂಧುಬಳಗ: ಅಮ್ಮೀಹೂದ್, ಅಮ್ಮೀಷದ್ದೈ. ‘ಚೂರ್’ ಅಂದರೆ ಬಂಡೆ: ಎಲೀಚೂರ್, ಪೆದಾಚೂರ್. ಇಷ್ಟು ಗೊತ್ತಾದ ಮೇಲೆ ಅರ್ಧ ಪಟ್ಟಿ ತಾನಾಗಿಯೇ ಬಾಯಿಗೆ ಬಂತು. ಗಾದ್ ಕುಲದ ಎಲ್ಯಾಸಾಫನ ಅಪ್ಪ ಮಾತ್ರ ಒಂದು ಕಡೆ ದೆಗೂವೇಲ, ಇನ್ನೊಂದು ಕಡೆ ರೆಗೂವೇಲ. ಹೀಬ್ರೂವಿನ ದ ಮತ್ತು ರ ಅಕ್ಷರ ನೋಡಲು ಹೆಚ್ಚುಕಡಿಮೆ ಒಂದೇ ಥರ. ನಕಲು ಮಾಡುವಾಗ ಯಾರಿಗೋ ಕಣ್ಣು ತಪ್ಪಿರಬೇಕು ಅನ್ನುವುದು ಒಪ್ಪುವಂಥ ಮಾತು.

ಇನ್ನು ಮೋಶೆ ಈ ಯಜಮಾನರ ಜೊತೆ ಮಾಡಿದ ಜನಗಣತಿ. ಅಂಕಿಗಳನ್ನು ಸುಮ್ನೆ ಓದಿದರೆ ಮಕ್ಕಳು ಆಕಳಿಸುತ್ತಾರೆ. ಮನೆಯಲ್ಲಿ ಒಂದು ಡಬ್ಬಿ ಹುಣಸೆಬೀಜ ಇತ್ತು, ಅದನ್ನು ತೆಗೆದುಕೊಂಡು ಬಂದೆ. ಸಾವಿರ ಜನಕ್ಕೆ ಒಂದು ಬೀಜ. ಯೆಹೂದ 74,600, ಅಂದರೆ 75 ಬೀಜ. ಮನಸ್ಸೆ 32,200, ಅಂದರೆ 32. ಒಟ್ಟು 6,03,550. ಯೆಹೂದದ ಗುಡ್ಡೆ ನೋಡಿ ಮನಸ್ಸೆಯ ಹುಡುಗ ಮುಖ ಸಣ್ಣದು ಮಾಡಿಕೊಂಡ. ಇದೆಲ್ಲ ಇಪ್ಪತ್ತು ವರ್ಷ ದಾಟಿದ, ಯುದ್ಧಕ್ಕೆ ಹೋಗಬಲ್ಲ ಗಂಡಸರ ಲೆಕ್ಕ ಅಂದಾಗ ಹುಡುಗಿಯರು ಜಗಳಕ್ಕೇ ಬಂದರು. ಆಗ ಮನಸ್ಸೆ ಕುಲದ ಚೆಲೋಫಹಾದನ ಐದು ಹೆಣ್ಣುಮಕ್ಕಳ ಕಥೆ ಹೇಳಿದೆ. ಮೋಶೆಯ ಮುಂದೆ, ಆಗಿನ ಯಜಮಾನರ ಸಭೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲದ ನಮ್ಮಪ್ಪನ ಪಾಲು ನಮಗೆ ಕೊಡಿ ಅಂತ ಕೇಳಿ ಗೆದ್ದವರು ಅವರು. ಆಮೇಲೆ ಅವರ ಕುಲದ ಹಿರಿಯರು ಬಂದು, ಇವರು ಬೇರೆ ಕುಲಕ್ಕೆ ಮದುವೆಯಾದರೆ ನಮ್ಮ ಜಮೀನು ಹೋಗುತ್ತಲ್ಲ ಅಂತ ತಕರಾರು ತೆಗೆಯುತ್ತಾರೆ. ಕೊನೆಗೆ ಕುಲದೊಳಗೇ ಮದುವೆಯಾಗಬೇಕು ಅಂತ ಆಗುತ್ತದೆ. ಯಜಮಾನರು ಎಲ್ಲ ಕಾಲಕ್ಕೂ ಯಜಮಾನರೇ!

ನಮ್ಮ ಚರ್ಚಿನ ಕಾಲೇಜು ಹುಡುಗನೊಬ್ಬ ಬಂದು, ಇಷ್ಟೊಂದು ಜನ ಸೀನಾಯಿ ಮರಳುಗಾಡಿನಲ್ಲಿ ಹೇಗಿದ್ದರು ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ಈ ಲೆಕ್ಕದಲ್ಲಿ ಬರುವ ‘ಎಲೆಫ್’ ಅನ್ನೋ ಹೀಬ್ರೂ ಪದಕ್ಕೆ ಸಾವಿರ ಅಂತಲೂ ಅರ್ಥ, ಮನೆತನ ಅಥವಾ ಪಡೆ ಅಂತಲೂ ಅರ್ಥ. ‘ನನ್ನ ಎಲೆಫ್ ಮನಸ್ಸೆಯಲ್ಲೇ ಬಡವಾದದ್ದು’ ಅಂತ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಗಿದ್ಯೋನ ಹೇಳುವಾಗ ಅದು ಮನೆತನವೇ. ಇಲ್ಲೂ ಹಾಗೇ ಇರಬಹುದು ಅನ್ನುವ ವಿದ್ವಾಂಸರಿದ್ದಾರೆ. ಹಾಗೆ ಓದಿದರೆ ಜನ ತುಂಬಾ ಕಡಿಮೆಯಾಗುತ್ತಾರೆ. ಅವನಿಗೆ ಅಷ್ಟು ಹೇಳಿದೆ. ಮಕ್ಕಳಿಗೆ ಬೀಜಗಳೇ ಸಾಕಿದ್ದವು.

ನಾನು ನಿಜವಾಗಿ ಪಾಠ ಕಲಿತದ್ದು ಏಳನೇ ಅಧ್ಯಾಯದಲ್ಲಿ. 89 ವಚನ ಇದೆ. ಗುಡಾರದ ಪ್ರತಿಷ್ಠೆಗೆ ಹನ್ನೆರಡು ಯಜಮಾನರು ದಿನಕ್ಕೊಬ್ಬರಂತೆ ಕಾಣಿಕೆ ತರುತ್ತಾರೆ. 130 ಶೆಕೆಲ್ ತೂಕದ ಬೆಳ್ಳಿ ತಟ್ಟೆ, 70 ಶೆಕೆಲಿನ ಬೆಳ್ಳಿ ಬೋಗುಣಿ, ಎರಡರ ತುಂಬ ಎಣ್ಣೆ ಬೆರೆಸಿದ ಹಿಟ್ಟು. ಧೂಪ ತುಂಬಿದ 10 ಶೆಕೆಲಿನ ಚಿನ್ನದ ಬಟ್ಟಲು. ಜೊತೆಗೆ ಹೋರಿ, ಟಗರು, ಕುರಿಮರಿ, ಹೋತ. ಶೆಕೆಲ್ ಅಂದರೆ ಸುಮಾರು 11 ಗ್ರಾಂ. ತಟ್ಟೆಯ ತೂಕ ಹತ್ತಿರ ಹತ್ತಿರ ಒಂದೂವರೆ ಕಿಲೋ! ಸ್ಟೀಲ್ ತಟ್ಟೆಯ ಮೇಲೆ ಸಕ್ಕರೆ ಪೊಟ್ಟಣ ಇಟ್ಟು ಅಷ್ಟೇ ಭಾರ ಮಾಡಿದೆ. ನಹಶೋನ್ ಆಗಿದ್ದ ಹುಡುಗ ಎರಡೂ ಕೈಯಲ್ಲಿ ಹಿಡಿದು, ತೋಳು ನಡುಗಿಸುತ್ತಾ ಸ್ಟೂಲಿನವರೆಗೆ ನಡೆದ. ಅವನ ಭಾಗ ಪೂರ್ತಿ ಓದಿದೆ. ಎರಡನೆಯವನದೂ ಓದಿದೆ. ಒಂದಕ್ಷರ ಬದಲಾಗದೆ ಅದೇ ಪಟ್ಟಿ. ಹೊತ್ತಾಗಿತ್ತು, ಬಿಸಿಲು ಬೇರೆ. ‘ಉಳಿದವರದೂ ಇದೇ ಥರ’ ಅಂದು ಬೈಬಲ್ ಮುಚ್ಚಿದೆ.

ನಫ್ತಾಲಿಯ ಅಹೀರನ ಚೀಟಿ ಕಟ್ಟಿಕೊಂಡಿದ್ದ ಪುಟ್ಟಿಗೆ ಆರು ವರ್ಷ. ಹನ್ನೆರಡನೇ ದಿನದ ಕಾಣಿಕೆ ಅವಳದು, ಕೊನೆಯವಳು. ‘ಟೀಚರ್, ನಂದು ಓದ್ಲೇ ಇಲ್ಲ’ ಅಂದಳು. ನಿಂದೂ ಅದೇ ಪುಟ್ಟಿ ಅಂದೆ. ‘ನಂದು ನಾನು ತರ್ಬೇಕಲ್ವಾ?’ ಅಂತ ಅಳು ಶುರು.

ಮತ್ತೆ ಬೈಬಲ್ ತೆರೆದೆ. ಹನ್ನೆರಡೂ ಓದಿದೆ. ಹನ್ನೆರಡು ಸಲ ಅದೇ ತಟ್ಟೆ, ಅದೇ ಸಕ್ಕರೆ ಪೊಟ್ಟಣ. ಎಂಟನೆಯವನು ಮನಸ್ಸೆಯ ಗಮ್ಲೀಯೇಲ್. 32 ಬೀಜದ ಹುಡುಗ 75 ಬೀಜದವನಷ್ಟೇ ಭಾರ ಹೊತ್ತು ಬಂದ. ಇಷ್ಟು ವರ್ಷ ಹಾರಿಸಿ ಓದುತ್ತಿದ್ದ ಅಧ್ಯಾಯ ಅದು. ಯೆಹೂದ್ಯರಲ್ಲಿ ಕೆಲವರು ನಿಸಾನ್ ತಿಂಗಳ ಮೊದಲ ಹನ್ನೆರಡು ದಿನ ಇದನ್ನೇ ದಿನಕ್ಕೊಬ್ಬ ನಾಸೀಯ ಲೆಕ್ಕದಲ್ಲಿ ಓದುವ ರೂಢಿ ಇಟ್ಟುಕೊಂಡಿದ್ದಾರೆ ಅಂತ ಆಮೇಲೆ ತಿಳಿಯಿತು. ಪುಟ್ಟಿಯ ಪಕ್ಷದವರು!

ತುತ್ತೂರಿಯ ದಿನ ಪೂರ್ತಿ ಗದ್ದಲ. ಹತ್ತನೇ ಅಧ್ಯಾಯದಲ್ಲಿ ಎರಡು ಬೆಳ್ಳಿಯ ತುತ್ತೂರಿ ಬರುತ್ತವೆ. ಎರಡೂ ಊದಿದರೆ ಎಲ್ಲರೂ ಸೇರಬೇಕು, ಒಂದೇ ಊದಿದರೆ ಯಜಮಾನರು ಮಾತ್ರ. ಜಾತ್ರೆಯ ಪ್ಲಾಸ್ಟಿಕ್ ಪೀಪಿ ತಂದಿದ್ದೆ. ಒಂದು ಊದಿದರೂ ಮೂವತ್ತು ಮಕ್ಕಳೂ ಓಡಿ ಬಂದರು.

ಕೊನೆಯ ದಿನ ಎರಡನೇ ಗಣತಿ, 26ನೇ ಅಧ್ಯಾಯ. ಅಷ್ಟರಲ್ಲಿ ಸುಮಾರು ನಲವತ್ತು ವರ್ಷ ಕಳೆದಿರುತ್ತದೆ. ಒಟ್ಟು 6,01,730, ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಗುಡ್ಡೆಗಳನ್ನು ನೋಡಬೇಕು. ಸಿಮೆಯೋನ್ 59ರಿಂದ 22ಕ್ಕೆ ಕುಸಿದಿತ್ತು. ಮನಸ್ಸೆ 32ರಿಂದ 53ಕ್ಕೆ ಏರಿತ್ತು. ನಮ್ಮ ಮನಸ್ಸೆ ಕುಣಿದೇಬಿಟ್ಟ.

ಮೊದಲ ಗಣತಿಯವರಲ್ಲಿ ಕಾಲೇಬ್ ಮತ್ತು ಯೆಹೋಶುವ ಬಿಟ್ಟರೆ ಯಾರೂ ಉಳಿಯಲಿಲ್ಲ ಅಂತ ಆ ಅಧ್ಯಾಯ ಮುಗಿಯುತ್ತದೆ. ಹಾಗಾಗಿ ಹನ್ನೆರಡು ಯಜಮಾನರನ್ನೂ ಚೌಕದ ಗೆರೆಯಿಂದ ಆಚೆ ಹೋಗಿ ಅಂದೆ. ಎಫ್ರಾಯೀಮಿನ ಎಲೀಷಾಮ ಆಗಿದ್ದವನಿಗೆ ಬೇಜಾರು. ಬೈಬಲಿನಲ್ಲೇ ಮುಂದೆ ಬರುವ ಪೂರ್ವಕಾಲವೃತ್ತಾಂತ ಪುಸ್ತಕ ತೆಗೆದು ತೋರಿಸಿದೆ: ಎಲೀಷಾಮನ ಮಗ ನೂನ್, ನೂನನ ಮಗ ಯೆಹೋಶುವ. ನಿನ್ನ ಮೊಮ್ಮಗನೇ ಎಲ್ಲರನ್ನೂ ಯೊರ್ದನ್ ಹೊಳೆ ದಾಟಿಸಿದ್ದು ಕಣೋ ಅಂದೆ. ನಹಶೋನನಿಗೂ ಹೇಳಲು ಇತ್ತು. ಅವನ ಮಗನ ಮಗ ಬೋವಜ, ರೂತಳ ಗಂಡ, ದಾವೀದನ ಮುತ್ತಜ್ಜ. ಅವರಿಬ್ಬರೂ ಖುಷಿಯಿಂದ ಗೆರೆ ದಾಟಿದರು.

ಇಸ್ಸಾಕಾರಿನ ನೆತನೇಲ್ ಮಾತ್ರ ಚೌಕದೊಳಗೇ ಕೂತಿದ್ದ. ‘ನಂದು ಮುಂದೆ ಎಲ್ಲಾದ್ರೂ ಬರುತ್ತಾ ನೋಡಿ ಟೀಚರ್’ ಅಂದ. ರಾತ್ರಿ ಮನೆಯಲ್ಲಿ ಹುಡುಕಿದೆ. ಚೂವಾರನ ಮಗ ನೆತನೇಲ್ ಹತ್ತನೇ ಅಧ್ಯಾಯದಲ್ಲಿ ತನ್ನ ಕುಲವನ್ನು ನಡೆಸಿಕೊಂಡು ಹೊರಡುತ್ತಾನೆ. ಅಲ್ಲಿಂದಾಚೆ ಅವನ ಹೆಸರಿಲ್ಲ.