ಮಿಡಿಯಲ್ಲಿ ಮೋಹನ ರಾಗ: ನಾನು ಟ್ರ್ಯಾಕ್ ಕೂರಿಸುವ ಬಗೆ

ಹನುಮಂತನಗರದ ನಮ್ಮ ಬೀದಿಯಲ್ಲಿ ಹಗಲು ಹೊತ್ತು ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಆಗದ ಮಾತು. ಕುಕ್ಕರ್ ಸೀಟಿ, ಸೊಪ್ಪಿನವರ ಕೂಗು, ಪಕ್ಕದ ಸೈಟಿನಲ್ಲಿ ಡ್ರಿಲ್ಲಿಂಗ್. ಹಾಗಾಗಿ ಭಾವಗೀತೆಗಳ ವಾದ್ಯದ ಭಾಗವನ್ನೆಲ್ಲ ನಾನು ಮಿಡಿಯಲ್ಲೇ ಮಾಡುತ್ತೇನೆ. ಮಿಡಿ ಶಬ್ದ ಹಿಡಿಯುವುದಿಲ್ಲ. ಯಾವ ಕೀ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಅನ್ನುವುದನ್ನು ಬರೆದುಕೊಳ್ಳುತ್ತದೆ, ಅಷ್ಟೇ.

ನನ್ನ ಹತ್ತಿರ ಇರುವುದು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್, 49 ಕೀಗಳ ಮಿಡಿ ಕೀಬೋರ್ಡ್, ಒಂದು ಸಣ್ಣ ಆಡಿಯೋ ಇಂಟರ್‌ಫೇಸ್. ನುಡಿಸುವಾಗ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಶಬ್ದದ ತುಣುಕು, 128 ಸ್ಯಾಂಪಲ್ ಇಡುತ್ತೇನೆ. 48 ಕಿಲೋಹರ್ಟ್ಸ್‌ನಲ್ಲಿ ಅದರಿಂದ ಆಗುವ ತಡ ಸುಮಾರು 2.7 ಮಿಲಿಸೆಕೆಂಡ್. ಅದೇ 1024 ಇಟ್ಟರೆ 21 ದಾಟುತ್ತದೆ, ಬೆರಳಿಗೂ ಕಿವಿಗೂ ಜಗಳ ಶುರು. ಮಿಕ್ಸಿಂಗ್ ಮಾಡುವಾಗ ಮಾತ್ರ 1024.

ಮಿಶ್ರಛಾಪು ಹಾಡಾದರೆ ಟೈಮ್ ಸಿಗ್ನೇಚರ್ 7/8 ಹಾಕಿ, ಮೆಟ್ರೊನೋಮ್‌ನ ಒತ್ತನ್ನು 'ತಕಿಟ ತಕಧಿಮಿ'ಗೆ ಹೊಂದಿಸಿಕೊಳ್ಳಿ. ಒತ್ತಿಲ್ಲದ ಬರೀ ಏಳು ಟಿಕ್ ಕೇಳಿಕೊಂಡು ನುಡಿಸಿದರೆ ಮೂರು–ನಾಲ್ಕರ ನಡೆ ಕೈಗೆ ಬರುವುದೇ ಇಲ್ಲ. ಕ್ವಾಂಟೈಸ್, ಅಂದರೆ ಸ್ವರಗಳನ್ನು ತಾಳದ ಗೆರೆಗೆ ಎಳೆದು ಕೂರಿಸುವುದು, ಆಮೇಲೆ, ಅದೂ ಅರ್ಧದಷ್ಟು. ಪೂರ್ತಿ ನೂರು ಪರ್ಸೆಂಟ್ ಎಳೆದರೆ ಲಿಫ್ಟಿನಲ್ಲಿ ಬರುವ ಸಂಗೀತದಂತೆ ಕೇಳುತ್ತದೆ.

ನನ್ನ ಸಮಯ ಜಾಸ್ತಿ ಹೋಗುವುದು ಗಮಕಕ್ಕೆ, ಅಂದರೆ ಸ್ವರವನ್ನು ಜಾರಿಸಿ ಅಲುಗಿಸುವುದಕ್ಕೆ. ಕೀ ಮೇಲೆ ಜಾರು ಬರುವುದಿಲ್ಲ, ಪಿಚ್ ಬೆಂಡ್ ಚಕ್ರವೇ ಗತಿ. ಬಹಳಷ್ಟು ಪ್ಲಗಿನ್‌ಗಳಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ವಾದ್ಯಗಳಲ್ಲಿ, ಬೆಂಡ್ ರೇಂಜ್ (ಚಕ್ರ ಪೂರ್ತಿ ತಳ್ಳಿದರೆ ಸ್ವರ ಜಾರುವ ದೂರ) ಎರಡು ಸೆಮಿಟೋನ್ ಇರುತ್ತದೆ. ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ ಒಂದು ಸೆಮಿಟೋನ್. ಮೋಹನದಲ್ಲಿ ಗಾಂಧಾರದಿಂದ ಪಂಚಮಕ್ಕೆ ಮೂರು ಸೆಮಿಟೋನ್. ಆದ್ದರಿಂದ ವೀಣೆ ಪ್ಲಗಿನ್‌ನಲ್ಲಿ ರೇಂಜನ್ನು ಮೂರಕ್ಕೆ ಏರಿಸುತ್ತೇನೆ. ಆಗ ಗ ಒತ್ತಿ ಹಿಡಿದು ಚಕ್ರವನ್ನು ಕೊನೆಯವರೆಗೆ ತಳ್ಳಿದರೆ ಸರಿಯಾಗಿ ಪ ಮೇಲೆ ನಿಲ್ಲುತ್ತದೆ, ಅಂದಾಜಿನ ಕೆಲಸವಿಲ್ಲ. ಹನ್ನೆರಡಕ್ಕೆ ಇಟ್ಟರೆ ಚಕ್ರ ಕೂದಲೆಳೆಯಷ್ಟು ಅಲುಗಿದರೂ ಶ್ರುತಿ ಹೋಗುತ್ತದೆ.

ಒಂದು ಎಚ್ಚರ ಬೇಕು. ಮಿಡಿ ಫೈಲಿನಲ್ಲಿ ಉಳಿಯುವುದು ಚಕ್ರದ ಜಾಗ ಮಾತ್ರ, 0ಯಿಂದ 16383ರ ನಡುವಿನ ಒಂದು ಅಂಕಿ. ಅದು ಎಷ್ಟು ಸೆಮಿಟೋನ್ ಅನ್ನುವುದನ್ನು ತೀರ್ಮಾನಿಸುವುದು ವಾದ್ಯ. ಅದೇ ಟ್ರ್ಯಾಕನ್ನು ರೇಂಜ್ ಎರಡೇ ಇರುವ ಕೊಳಲಿಗೆ ಕೊಟ್ಟು ನೋಡಿ: ಪಂಚಮ ಬರಬೇಕಾದ ಜಾಗದಲ್ಲಿ ಪ್ರತಿಮಧ್ಯಮ ಬಂದು ಕೂರುತ್ತದೆ. ಮೋಹನದಲ್ಲಿ ಮಧ್ಯಮವೇ ಇಲ್ಲ, ಅಲ್ವಾ! ಇನ್ನೊಂದು, ಬೆಂಡ್ ಇಡೀ ಚಾನೆಲ್ಲಿಗೆ ತಾಗುತ್ತದೆ. ಜೊತೆಗೆ ಕಾರ್ಡ್ (ಒಟ್ಟಿಗೆ ಒತ್ತಿದ ಹಲವು ಸ್ವರ) ಹಿಡಿದಿದ್ದರೆ ಅದೂ ಜಾರುತ್ತದೆ. ಅದಕ್ಕೇ ರಾಗದ ಎಳೆಗೆ ಬೇರೆ ಟ್ರ್ಯಾಕ್, ಕಾರ್ಡಿಗೆ ಬೇರೆ.

ಕೊಳಲಿನ ಉಸಿರನ್ನು ಎರಡನೇ ಸುತ್ತಿನಲ್ಲಿ ಸೇರಿಸುತ್ತೇನೆ. ರೆಕಾರ್ಡ್ ಮೋಡನ್ನು ಮಿಡಿ ಓವರ್‌ಡಬ್‌ಗೆ ಬದಲಿಸಿದರೆ ಮೊದಲಿನ ಸ್ವರಗಳು ಹಾಗೇ ಇರುತ್ತವೆ. ಅದರ ಮೇಲೆ ಮಿಡಿಯ 11ನೇ ನಂಬರಿನ ಕಂಟ್ರೋಲ್, ಅಂದರೆ ಧ್ವನಿಯ ಏರಿಳಿತ ನೋಡಿಕೊಳ್ಳುವ ಎಕ್ಸ್‌ಪ್ರೆಷನ್, ಸ್ಲೈಡರ್‌ನಲ್ಲಿ ಏರಿಸಿ ಇಳಿಸುತ್ತೇನೆ. ಮೌಸಿನಲ್ಲಿ ಗೆರೆ ಎಳೆದರೂ ಆಗುತ್ತದೆ, ಆದರೆ ಸುಮ್ನೆ ಹೇಳುತ್ತಿಲ್ಲ, ಕೈಯಲ್ಲಿ ಮಾಡಿದ್ದಕ್ಕೇ ಜೀವ ಇರುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಹಾಡುವವರು ಬಂದು, "ಐದೂವರೆ ಶ್ರುತಿ ಮೇಲಾಯ್ತು, ಐದು ಸಾಕು" ಅನ್ನುತ್ತಾರೆ. ಅನ್ನಲಿ. ಸ್ವರಗಳನ್ನೆಲ್ಲ ಆರಿಸಿ ಒಂದು ಸೆಮಿಟೋನ್ ಇಳಿಸಿದರೆ ಆಯಿತು, ಗಮಕಗಳೂ ಜೊತೆಗೇ ಬರುತ್ತವೆ. ಮೃದಂಗದ ಟ್ರ್ಯಾಕ್ ಮಾತ್ರ ಮುಟ್ಟಬೇಡಿ. ಅಲ್ಲಿ ಒಂದೊಂದು ಕೀಗೆ ಒಂದೊಂದು ಹೊಡೆತ ಕಟ್ಟಿರುತ್ತದೆ, ಅದನ್ನು ಇಳಿಸಿದರೆ 'ಧಿಂ' ಇದ್ದ ಕಡೆ ಇನ್ನೇನೋ ಬಡಿಯುತ್ತದೆ. ಮೃದಂಗದ ಶ್ರುತಿ ಬದಲಿಸುವುದಿದ್ದರೆ ಪ್ಲಗಿನ್ ಒಳಗಿನ ಟ್ಯೂನಿಂಗ್‌ನಲ್ಲಿ ಬದಲಿಸಿ.