ಸ್ಪೇನಿನಲ್ಲಿ ಯಾರಿಗೆ ‘ತೂ’, ಯಾರಿಗೆ ‘ಉಸ್ತೆದ್’

‘ನೀನು–ನೀವು’ ಹೇಳಿಕೊಂಡೇ ಬೆಳೆದ ನಮಗೆ ಸ್ಪ್ಯಾನಿಷ್‌ನ ‘ತೂ–ಉಸ್ತೆದ್’ ಸುಲಭ ಅನ್ನಿಸುತ್ತದೆ. ಆದರೆ ನಮ್ಮ ‘ನೀವು’ ಒಬ್ಬ ಹಿರಿಯರಿಗೂ ಸಲ್ಲುತ್ತದೆ, ನಾಲ್ಕು ಜನಕ್ಕೂ ಸಲ್ಲುತ್ತದೆ. ಆ ರೂಢಿಯಲ್ಲಿ ಮಹಡಿ ಮನೆಯ ಅಜ್ಜಿಯೊಬ್ಬರಿಗೆ ಬಹುವಚನದ ‘ಬೊಸೋತ್ರೊಸ್’ ಹಚ್ಚಿದರೆ ತಪ್ಪು. ಅದು ಗೆಳೆಯರ ಗುಂಪಿಗೆ ಹೇಳುವ ಸಲಿಗೆಯ ಮಾತು. ಗೌರವಕ್ಕೆ ಒಬ್ಬರಿದ್ದರೆ ಉಸ್ತೆದ್, ಹಲವರಿದ್ದರೆ ಉಸ್ತೆದೆಸ್.

ಉಸ್ತೆದ್ ಬಂದದ್ದು ‘ಬುಎಸ್ತ್ರಾ ಮೆರ್ಥೆದ್’ ಎಂಬ ಹಳೆಯ ಸಂಬೋಧನೆಯಿಂದ. ‘ತಮ್ಮ ಕೃಪೆ’ ಎಂದಂತೆ. ಎದುರಿಗಿದ್ದವರನ್ನೇ ನಾವು ‘ಸಾಹೇಬರು ಏನು ಹೇಳ್ತಾರೆ?’ ಎಂದು ಕೇಳುವುದಿಲ್ಲವೇ, ಹಾಗೆ. ಅದಕ್ಕೇ ಇದರ ಕ್ರಿಯಾಪದ ‘ಅವನು, ಅವಳು’ಗೆ ಹೊಂದುವ ಏಕವಚನದ್ದು: ‘ತೂ ತಿಯೆನೆಸ್’ (ನಿನ್ನ ಹತ್ತಿರ ಇದೆ), ಆದರೆ ‘ಉಸ್ತೆದ್ ತಿಯೆನೆ’ (ನಿಮ್ಮ ಹತ್ತಿರ ಇದೆ). ಮಾತಿನಲ್ಲಿ ಸರ್ವನಾಮವನ್ನು ಹೆಚ್ಚಾಗಿ ಬಿಡುತ್ತಾರೆ, ಆಗ ಗೌರವವೆಲ್ಲ ಕ್ರಿಯಾಪದದ ಕೊನೆಯಲ್ಲೇ ಉಳಿಯುತ್ತದೆ. ‘ಪೆರ್ದೋನಾ’ ಎಂದರೆ ‘ಕ್ಷಮಿಸು’, ‘ಪೆರ್ದೋನೆ’ ಎಂದರೆ ‘ಕ್ಷಮಿಸಿ’. ಹೇಳು ಎನ್ನಲು ‘ದೀಮೆ’, ಹೇಳಿ ಎನ್ನಲು ‘ದೀಗಾಮೆ’. ಇವನ್ನು ಜೋಡಿಜೋಡಿಯಾಗಿ ಬಾಯಿಪಾಠ ಮಾಡುವುದೇ ಒಳ್ಳೆಯದು.

ವಯಸ್ಸಾದವರು, ಪೊಲೀಸರು, ಸರ್ಕಾರಿ ಕಚೇರಿಯ ಸಿಬ್ಬಂದಿ: ಇವರಿಗೆ ಉಸ್ತೆದ್‌ನಿಂದಲೇ ಶುರು ಮಾಡಿ. ಸಹೋದ್ಯೋಗಿಗಳಿಗೆ, ಎಷ್ಟೋ ಕಡೆ ಮೇಲಧಿಕಾರಿಗೂ, ತೂ ನಡೆಯುತ್ತದೆ. ನಮ್ಮವರಿಗೆ ಇದು ಬಾಯಿಗೆ ಬರುವುದು ಕಷ್ಟ. ಆದರೂ ಎದುರಿನವರೇ ‘ತುತೇಆಮೆ’ (ನನ್ನನ್ನು ತೂ ಅನ್ನು) ಎಂದ ಮೇಲೂ ಉಸ್ತೆದ್ ಬಿಡದಿದ್ದರೆ ದೂರ ಇಟ್ಟಂತೆ ಕಾಣುತ್ತದೆ. ಕೆನರಿ ದ್ವೀಪಗಳಲ್ಲಿ, ಲ್ಯಾಟಿನ್ ಅಮೆರಿಕದಲ್ಲಿ ಸಾಮಾನ್ಯವಾಗಿ ಬೊಸೋತ್ರೊಸ್ ಬಳಕೆಯಿಲ್ಲ; ಗೆಳೆಯರ ಗುಂಪಿಗೂ ಉಸ್ತೆದೆಸ್.

ಇನ್ನು ವಂದನೆಯ ಮಾತು. ‘ಬುಏನೊಸ್ ದಿಯಾಸ್’ (ಶುಭ ದಿನ) ಮಧ್ಯಾಹ್ನದ ಊಟದವರೆಗೆ. ಅಲ್ಲಿ ಊಟವೆಂದರೆ 2 ಗಂಟೆಯ ಹೊತ್ತು, ಹಾಗಾಗಿ 1 ಗಂಟೆಗೂ ಇದನ್ನೇ ಹೇಳುವವರಿದ್ದಾರೆ. ಆಮೇಲೆ ಕತ್ತಲಾಗುವವರೆಗೆ ‘ಬುಏನಾಸ್ ತಾರ್ದೆಸ್’ (ಶುಭ ಸಂಜೆ). ‘ಬುಏನಾಸ್ ನೋಚೆಸ್’ (ಶುಭ ರಾತ್ರಿ) ರಾತ್ರಿ ಎದುರಾದಾಗಲೂ ಹೌದು, ಬೀಳ್ಕೊಡುವಾಗಲೂ ಹೌದು. ದಿಯಾ (ದಿನ) ಪುಲ್ಲಿಂಗ, ಅದಕ್ಕೇ ಬುಏನೊಸ್; ತಾರ್ದೆ, ನೋಚೆ ಸ್ತ್ರೀಲಿಂಗ, ಅದಕ್ಕೇ ಬುಏನಾಸ್. ಇಲ್ಲಿ ಕನ್ನಡದ ನಾಲಿಗೆಗೆ ಒಂದು ಅನುಕೂಲವಿದೆ: ದಿಯಾಸ್‌ನ ದ, ತಾರ್ದೆಸ್‌ನ ತ ನಮ್ಮ ದ, ತಗಳೇ; ಇಂಗ್ಲಿಷಿನ ನೆನಪಿನಲ್ಲಿ ಡ, ಟ ಮಾಡಬೇಡಿ. ‘ಓಲಾ’ (ಹಲೋ) ಬರೆಯುವಾಗ ಮೊದಲಿಗೆ ಬರುವ ಹಕಾರ ಬಾಯಲ್ಲಿ ಬರುವುದೇ ಇಲ್ಲ.

ಅಂಗಡಿ, ಲಿಫ್ಟ್, ಆಸ್ಪತ್ರೆಯ ಕಾಯುವ ಕೋಣೆ, ಎಲ್ಲಿಗೆ ಕಾಲಿಟ್ಟರೂ ಮೊದಲು ಗುರುತಿಲ್ಲದವರಿಗೂ ಒಂದು ‘ಬುಏನಾಸ್’, ಹೊರಡುವಾಗ ‘ಅಸ್ತಾ ಲುಏಗೊ’ (ಮತ್ತೆ ಸಿಗೋಣ). ಸುಮ್ಮನೆ ನುಗ್ಗುವುದು ಒರಟುತನ. ಮಾರುಕಟ್ಟೆಯ ಮೀನಂಗಡಿಯ ಮುಂದೆ ಸಾಲು ಕಾಣದಿದ್ದರೂ ಸರದಿ ಇರುತ್ತದೆ. ‘ಕಿಯೆನ್ ಎಸ್ ಎಲ್ ಊಲ್ತಿಮೊ?’ (ಕೊನೆಯವರು ಯಾರು?) ಎಂದು ಕೇಳಿ, ಆ ವ್ಯಕ್ತಿಯ ನಂತರ ನಿಮ್ಮದು.

ಪರಿಚಯವಾದಾಗ ಗಂಡಸು ‘ಎಂಕಾಂತಾದೊ’, ಹೆಂಗಸು ‘ಎಂಕಾಂತಾದಾ’ (ಭೇಟಿಯಾಗಿ ಸಂತೋಷ) ಎನ್ನಬೇಕು. ಲಿಂಗ ಹೇಳುವವರದ್ದು, ಎದುರಿನವರದ್ದಲ್ಲ. ಹೆಂಗಸರು ತಮ್ಮತಮ್ಮಲ್ಲಿ, ಗಂಡಸರೊಂದಿಗೂ, ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಮುತ್ತಿನ ಸದ್ದು ಮಾಡುವುದುಂಟು. ಮುಜುಗರವೆನಿಸಿದರೆ ನೀವೇ ಮೊದಲು ಕೈ ಚಾಚಿ.

ಹೆಸರು ಕೂಗುವಾಗ ಜಾಗ್ರತೆ. ಮರಿಯಾ ಗಾರ್ಸಿಯಾ ಲೋಪೆಸ್ ಎಂಬಾಕೆ ‘ಸೆನ್ಯೋರಾ (ಶ್ರೀಮತಿ) ಗಾರ್ಸಿಯಾ’, ಕೊನೆಯ ಲೋಪೆಸ್ ಅಲ್ಲ. ಸಾಮಾನ್ಯವಾಗಿ ಮೊದಲನೆಯದು ತಂದೆಯ ಕಡೆಯ ಹೆಸರು, ಎರಡನೆಯದು ತಾಯಿಯ ಕಡೆಯದು. ಹೆಂಗಸರಿಗೆ ಗೌರವದ ‘ದೋನ್ಯಾ’, ಗಂಡಸರಿಗೆ ‘ದೋನ್’ ಮಾತ್ರ ಇಟ್ಟ ಹೆಸರಿನ ಮುಂದೆ: ದೋನ್ಯಾ ಮರಿಯಾ.