ಎರಡನೇ ಪ್ರೊಸೆಸರ್‌ಗೆ ತಕ್ಕ ಕರ್ನೆಲ್: ನನ್ನ ಅನುಭವ

2003ರಲ್ಲಿ ನಾನು ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಹುಡುಗರೆಲ್ಲ ಒಂದೇ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿ ಸಿ ಪ್ರೋಗ್ರಾಂ ಬರೆಯುತ್ತಿದ್ದರು. ಅದರಲ್ಲಿದ್ದದ್ದು 866 ಮೆಗಾಹರ್ಟ್ಸ್‌ನ ಒಂದು ಪೆಂಟಿಯಂ 3. ಮದರ್‌ಬೋರ್ಡಿನಲ್ಲಿ ಎರಡು ಸಾಕೆಟ್ ಇದ್ದವು, ಇನ್ನೊಂದು ಖಾಲಿ. ಯಾರೋ ಒಬ್ಬರ ವೈಲ್ ಲೂಪ್ ನಿಲ್ಲದೆ ಸುತ್ತತೊಡಗಿದರೆ ಸಾಕು, ಉಳಿದವರ ಕಂಪೈಲ್ ಎಲ್ಲ ತೆವಳುತ್ತಿತ್ತು. ಹೊಸ ಸರ್ವರ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಖಾಲಿ ಸಾಕೆಟ್ ತುಂಬಿಸೋಣ ಅಂತ ಹೊರಟೆವು.

ಪ್ರೊಸೆಸರ್ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ಇಲ್ಲಿ ವೇಗ ಒಂದೇ ಇದ್ದರೆ ಸಾಲದು. ಬಸ್ (ಪ್ರೊಸೆಸರ್ ಮತ್ತು ಬೋರ್ಡಿನ ನಡುವಿನ ದಾರಿ) ವೇಗ 133 ಮೆಗಾಹರ್ಟ್ಸ್ ಆಗಿರಬೇಕು, ಕ್ಯಾಶ್ (ಚಿಪ್ಪಿನೊಳಗಿನ ಚಿಕ್ಕ ಮೆಮೊರಿ) ಒಂದೇ ಇರಬೇಕು, ಆದಷ್ಟೂ ಸ್ಟೆಪ್ಪಿಂಗ್ (ಅದೇ ಚಿಪ್ಪಿನ ತಿದ್ದಿದ ಆವೃತ್ತಿ) ಕೂಡ ಹೊಂದಬೇಕು. ಇಂಟೆಲ್ ಚಿಪ್ಪಿನ ಮೇಲೆ ಎಸ್‌ಎಲ್ ಅಂತ ಶುರುವಾಗುವ ಐದಕ್ಷರದ ಒಂದು ಗುರುತು ಇರುತ್ತದೆ. ನಮ್ಮ ಹಳೇ ಪ್ರೊಸೆಸರ್ ಮೇಲಿದ್ದದ್ದನ್ನು ಬರೆದುಕೊಂಡು ಹೋಗಿ, ಅದೇ ಗುರುತಿನದ್ದೇ ಬೇಕು ಅಂತ ಕೇಳಿ ತಂದೆವು. ಅದೇ ಕಾಲದ ಸೆಲೆರಾನ್ ಕಡಿಮೆ ಬೆಲೆಗೆ ಸಿಗುತ್ತಿತ್ತು, ಆದರೆ ಅದು ಜೋಡಿಯಾಗಿ ಕೆಲಸ ಮಾಡುವುದಿಲ್ಲ. ಜೊತೆಗೆ ನಮ್ಮ ಬೋರ್ಡಿಗೆ ಎರಡನೇ ಸಾಕೆಟ್‌ನ ವೋಲ್ಟೇಜ್ ನೋಡಿಕೊಳ್ಳುವ ಪುಟ್ಟ ಕಾರ್ಡೂ ಬೇಕಿತ್ತು. ಅದನ್ನು ಹುಡುಕುವುದೇ ಪ್ರೊಸೆಸರ್‌ಗಿಂತ ಜಾಸ್ತಿ ಕಷ್ಟವಾಯಿತು.

ಎಲ್ಲ ಕೂರಿಸಿ ಸ್ವಿಚ್ ಹಾಕಿದಾಗ ಲ್ಯಾಬ್ ಅಸಿಸ್ಟೆಂಟ್, "ಸಾರ್, ಎರಡು ತೋರಿಸ್ತಾ ಇದೆ" ಅಂದ. ಯಂತ್ರ ಶುರುವಾಗುವಾಗ ಬರುವ ಬಯಾಸ್ ಪರದೆಯಲ್ಲಿ ಎರಡೂ ಇದ್ದವು, ನಿಜ. ಆದರೆ ಲಿನಕ್ಸ್ ಎದ್ದ ಮೇಲೆ ಪ್ರಾಕ್ ಡೈರೆಕ್ಟರಿಯ ಸಿಪಿಯುಇನ್ಫೋ ಫೈಲ್ ತೆರೆದರೆ ಪ್ರೊಸೆಸರ್ 0 ಒಂದೇ (ಎಣಿಕೆ ಸೊನ್ನೆಯಿಂದ ಶುರು). ಇದು ಕೆಟ್ಟುಹೋಗಿದ್ದಲ್ಲ, ನಾನು ಎದುರು ನೋಡಿದ್ದೇ. ಒಂದು ಪ್ರೊಸೆಸರ್ ಇದ್ದಾಗ ರೆಡ್ ಹ್ಯಾಟ್ ಲಿನಕ್ಸ್ 7.3 ಇನ್‌ಸ್ಟಾಲ್ ಮಾಡಿದ್ದೆವು. ಹಾಗಾಗಿ ಅದು ಒಂಟಿ ಪ್ರೊಸೆಸರ್ ಕರ್ನೆಲ್ಲನ್ನೇ (ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು) ಹಾಕಿಕೊಂಡಿತ್ತು. ಆ ಕರ್ನೆಲ್ ಎರಡನೆಯದನ್ನು ಎಬ್ಬಿಸುವ ಗೋಜಿಗೇ ಹೋಗುವುದಿಲ್ಲ.

ಹೀಗೆ ಎರಡು ಬಗೆ ಕರ್ನೆಲ್ ಯಾಕೆ ಅಂತ ಹುಡುಗರೂ ಕೇಳುತ್ತಿದ್ದರು. ಒಂದೇ ಪ್ರೊಸೆಸರ್ ಇದ್ದರೆ ಕರ್ನೆಲ್ ಒಳಗಿನ, ಇಬ್ಬರು ಒಟ್ಟಿಗೆ ಒಂದೇ ಮಾಹಿತಿ ಮುಟ್ಟದಂತೆ ತಡೆಯುವ ಬೀಗಗಳಾದ ಸ್ಪಿನ್‌ಲಾಕ್‌ಗಳಿಗೆ ಕೆಲಸವಿಲ್ಲ. ಕಂಪೈಲ್ ಆಗುವಾಗಲೇ ಅವು ಮಾಯವಾಗುತ್ತವೆ, ಕರ್ನೆಲ್ ಹಗುರಾಗುತ್ತದೆ. ಎರಡು ಪ್ರೊಸೆಸರ್ ಇದ್ದರೆ ಪ್ರತಿ ಬೀಗವೂ ನಿಜವಾಗಿ ಹಾಕಬೇಕು, ತೆಗೆಯಬೇಕು. 1996ರ 2.0 ಕರ್ನೆಲ್‌ನಲ್ಲಿ ಇಡೀ ಕರ್ನೆಲ್‌ಗೆ ಒಂದೇ ದೊಡ್ಡ ಬೀಗವಿತ್ತು. ಇಬ್ಬರು ಭಟ್ಟರಿದ್ದರೂ ಕಾವಲಿ ಒಂದೇ ಇದ್ದ ಹಾಗೆ, ಒಬ್ಬರು ದೋಸೆ ಹಾಕುವಾಗ ಇನ್ನೊಬ್ಬರು ಕಾಯಬೇಕು. 2.2ರಲ್ಲಿ, ಆಮೇಲೆ 2.4ರಲ್ಲಿ ಆ ಬೀಗವನ್ನು ಒಡೆದು ಚಿಕ್ಕ ಚಿಕ್ಕ ಬೀಗ ಮಾಡುತ್ತಾ ಬಂದರು. ನಮ್ಮದು 2.4 ಆಗಿದ್ದರಿಂದಲೇ ನಾನು ಧೈರ್ಯವಾಗಿ ಕೈ ಹಾಕಿದ್ದು.

ಇನ್ನು ಕೆಲಸಕ್ಕೆ ಬರುತ್ತೇನೆ. ಅದೇ ಆವೃತ್ತಿಯ ಎಸ್‌ಎಂಪಿ (ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ನಡೆಸಬಲ್ಲ) ಕರ್ನೆಲ್ ಪ್ಯಾಕೇಜ್ ಸಿಡಿಯಲ್ಲೇ ಇತ್ತು. ಅದನ್ನು ಪ್ಯಾಕೇಜ್ ಹಾಕುವ ಆರ್‌ಪಿಎಂ ಕಮಾಂಡ್‌ನಲ್ಲಿ ಇನ್‌ಸ್ಟಾಲ್ ಮಾಡಬೇಕೇ ಹೊರತು ಅಪ್‌ಗ್ರೇಡ್ ಆಯ್ಕೆ ಕೊಡಬಾರದು. ಕರ್ನೆಲ್ ವಿಷಯದಲ್ಲಿ ಇದನ್ನು ರೂಢಿ ಮಾಡಿಕೊಳ್ಳಿ. ಹಳೆಯದು ಡಿಸ್ಕ್‌ನಲ್ಲಿ ಉಳಿದೇ ಇರಬೇಕು. ನಮ್ಮ ಡಿಸ್ಕ್ ಸ್ಕಸಿ (ಬೇರೆ ಡ್ರೈವರ್ ಬೇಡುವ ಬಗೆ) ಆದ್ದರಿಂದ ಹೊಸ ಕರ್ನೆಲ್‌ಗೆ ಅದರದ್ದೇ ಆದ, ಬೂಟ್ ವೇಳೆ ಡಿಸ್ಕ್ ಡ್ರೈವರ್ ಒದಗಿಸುವ ಫೈಲಾದ ಇನಿಟ್‌ಆರ್‌ಡಿ ಬೇಕು. ಇಲ್ಲದಿದ್ದರೆ ರೂಟ್ ಪಾರ್ಟಿಷನ್ (ಲಿನಕ್ಸ್ ಇರುವ ಡಿಸ್ಕ್ ಭಾಗ) ಸಿಗದೆ ಪ್ಯಾನಿಕ್ ಆಗುತ್ತದೆ, ಅಂದರೆ ಕರ್ನೆಲ್ ಮುಂದೆ ಹೋಗಲಾಗದೆ ನಿಂತುಬಿಡುತ್ತದೆ. ಪ್ಯಾಕೇಜೇ ಅದನ್ನು ತಯಾರಿಸಿತ್ತು, ಆದರೂ ಬೂಟ್ ಡೈರೆಕ್ಟರಿಯಲ್ಲಿ ಆ ಫೈಲ್ ಇದೆಯಾ ಅಂತ ಕಣ್ಣಾರೆ ನೋಡಿಕೊಂಡೆ.

ನಾವು ಬಳಸುತ್ತಿದ್ದ ಬೂಟ್ ಲೋಡರ್ (ಕರ್ನೆಲ್ ಎಬ್ಬಿಸುವ ಪ್ರೋಗ್ರಾಂ) ಲಿಲೋ. ಅದರ ಕಾನ್ಫಿಗ್‌ನಲ್ಲಿ ಹೊಸ ಕರ್ನೆಲ್‌ಗೆ ಬೇರೆ ಹೆಸರು ಕೊಟ್ಟು ಒಂದು ನಮೂದು ಸೇರಿಸಿದೆ. ಡೀಫಾಲ್ಟ್ ಹಳೆಯದೇ ಇರಲಿ ಅಂತ ಬಿಟ್ಟೆ. ಹೊಸದಕ್ಕೆ ಪ್ಯಾನಿಕ್ ಈಕ್ವಲ್ಸ್ 10 ಅನ್ನೋ ಆಯ್ಕೆ ಹಾಕಿದೆ. ಪ್ಯಾನಿಕ್ ಆದರೆ 10 ಸೆಕೆಂಡ್ ಕಾದು ಯಂತ್ರ ತಾನೇ ರೀಬೂಟ್ ಆಗುತ್ತದೆ. ಆಮೇಲೆ ಲಿಲೋ ಕಮಾಂಡ್‌ಗೆ ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು, ಮುಂದಿನ ಒಂದು ಬೂಟ್‌ಗೆ ಮಾತ್ರ ಹೊಸ ಕರ್ನೆಲ್ ಅಂತ ಹೇಳಿದೆ. ಈ ಎರಡನ್ನೂ ಸೇರಿಸಿದರೆ, ಹೊಸದು ಪ್ಯಾನಿಕ್ ಆದರೂ ಸರ್ವರ್ ತಂತಾನೇ ಹಳೇ ಕರ್ನೆಲ್‌ಗೆ ವಾಪಸ್ ಬರುತ್ತದೆ. ಬೇರೆ ಊರಿನಲ್ಲಿರುವ ಯಂತ್ರಕ್ಕೆ ಕರ್ನೆಲ್ ಹಾಕುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ಆಗ ನನಗೆ ಕಂಡಿರಲಿಲ್ಲ.

ರೀಬೂಟ್ ಆಯಿತು. ಕರ್ನೆಲ್ ಆವೃತ್ತಿ ತೋರಿಸುವ ಯುನೇಮ್ ಕಮಾಂಡ್ ಕೊಟ್ಟರೆ ಆವೃತ್ತಿಯ ಕೊನೆಗೆ ಎಸ್‌ಎಂಪಿ ಅಂತ ಬಂತು. ಸಿಪಿಯುಇನ್ಫೋದಲ್ಲಿ 0 ಮತ್ತು 1. ಇಷ್ಟಕ್ಕೇ ಖುಷಿಪಟ್ಟು ಎದ್ದುಹೋಗುವವರು ಜಾಸ್ತಿ. ನಾನು ತಪ್ಪದೆ ನೋಡುವುದು ಪ್ರಾಕ್‌ನಲ್ಲೇ ಇರುವ ಇಂಟರಪ್ಟ್ಸ್ ಫೈಲನ್ನು. ಇಂಟರಪ್ಟ್ ಅಂದರೆ ಸಾಧನವೊಂದು ಪ್ರೊಸೆಸರನ್ನು ಕರೆಯುವ ಸೂಚನೆ, ಯಾವ ಪ್ರೊಸೆಸರ್ ಎಷ್ಟು ತಗೊಂಡಿತು ಅನ್ನೋ ಎಣಿಕೆ ಅಲ್ಲಿರುತ್ತದೆ. ಹಳೇ ಕರ್ನೆಲ್‌ನಲ್ಲಿ ಒಂದೇ ಕಾಲಂ, ಪಕ್ಕದಲ್ಲಿ ಎಕ್ಸ್‌ಟಿ-ಪಿಐಸಿ (ಒಂದೇ ಪ್ರೊಸೆಸರ್‌ಗೆ ಇಂಟರಪ್ಟ್ ಕಳಿಸುವ ಹಳೇ ಚಿಪ್) ಅಂತ ಇತ್ತು. ಈಗ ಎರಡು ಕಾಲಂ, ಐಓ-ಎಪಿಕ್ (ಹಲವು ಪ್ರೊಸೆಸರ್‌ಗಳಿಗೆ ಹಂಚಬಲ್ಲ ಚಿಪ್) ಅಂತ ಬಂದಿತ್ತು. ನೆಟ್‌ವರ್ಕ್ ಕಾರ್ಡ್‌ನ ಎಣಿಕೆ ಎರಡೂ ಕಾಲಂನಲ್ಲಿ ಹೆಚ್ಚೂ ಕಡಿಮೆ ಸಮನಾಗಿ ಏರುತ್ತಿತ್ತು. ಒಂದೇ ಕಾಲಂ ಏರುತ್ತಿದ್ದರೆ ಇಂಟರಪ್ಟ್ ಕೆಲಸವೆಲ್ಲ ಒಂದೇ ಪ್ರೊಸೆಸರ್ ತಲೆಗೆ ಬೀಳುತ್ತಿದೆ ಅಂತ ಅರ್ಥ. ಆ ಕಾಲದ ಪೆಂಟಿಯಂ 4 ಜಾತಿಯ ಜಿಯಾನ್ ಯಂತ್ರಗಳಲ್ಲಿ ಹೀಗಾಗುತ್ತಿತ್ತು. ಅದಕ್ಕೆಂದೇ ಐಆರ್‌ಕ್ಯು ಬ್ಯಾಲೆನ್ಸ್ ಅನ್ನೋ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಓಡಿಸಬೇಕಿತ್ತು.

ನಮಗೆ ತಲೆನೋವು ತಂದದ್ದು ಬೇರೆ. ಲ್ಯಾಬಿನ ಹಳೇ ಸಾಲಿನಲ್ಲಿ ಇನ್ನೂ ತಂತಿಯಲ್ಲಿ ಸರ್ವರ್‌ಗೆ ಸೇರಿದ, ಪರದೆ-ಕೀಬೋರ್ಡ್ ಮಾತ್ರ ಇರುವ ಸೀರಿಯಲ್ ಟರ್ಮಿನಲ್‌ಗಳಿದ್ದವು. ಅವಕ್ಕೆ ಹಲವು ಪೋರ್ಟಿನ ಒಂದು ಕಾರ್ಡ್, ಆ ಕಾರ್ಡಿಗೆ ತಯಾರಕರು ಕೊಟ್ಟ ಡ್ರೈವರ್. ಒಂಟಿ ಕರ್ನೆಲ್‌ಗೆ ಕಟ್ಟಿದ ಮಾಡ್ಯೂಲ್ (ಕರ್ನೆಲ್‌ಗೆ ಸೇರುವ ಡ್ರೈವರ್ ತುಂಡು) ಎಸ್‌ಎಂಪಿ ಕರ್ನೆಲ್‌ಗೆ ಆಗುವುದಿಲ್ಲ. ಲೋಡ್ ಮಾಡಿದರೆ ಸಿಂಬಲ್ (ಕರ್ನೆಲ್ ಒಳಗಿನ ಫಂಕ್ಷನ್‌ನ ಹೆಸರು) ಸಿಗುತ್ತಿಲ್ಲ ಅಂತ ಸಾಲು ಸಾಲು ದೂರು. ಸೋರ್ಸ್ ಇತ್ತು. ಕರ್ನೆಲ್ ಸೋರ್ಸ್ ಜೊತೆ ಬರುವ ಎಸ್‌ಎಂಪಿ ಕಾನ್ಫಿಗ್ ಇಟ್ಟುಕೊಂಡು ಮತ್ತೆ ಕಟ್ಟಿದೆ, ಲೋಡ್ ಆಯಿತು.

ಆದರೆ ಮಧ್ಯೆ ಮಧ್ಯೆ ಒಂದು ಟರ್ಮಿನಲ್ ಸುಮ್ನೆ ನಿಂತುಬಿಡುತ್ತಿತ್ತು. ಕೋಡ್ ಓದಿದಾಗ ಕಾರಣ ಸಿಕ್ಕಿತು. ಬಫರ್ (ಅಕ್ಷರಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ) ಮುಟ್ಟುವ ಮುನ್ನ ಡ್ರೈವರ್ ತಾನು ಓಡುತ್ತಿರುವ ಪ್ರೊಸೆಸರಿನಲ್ಲಿ ಮಾತ್ರ ಇಂಟರಪ್ಟ್ ತಡೆಯುತ್ತಿತ್ತು. ಒಂದೇ ಪ್ರೊಸೆಸರ್ ಇದ್ದಾಗ ಅಷ್ಟು ಸಾಕು, ಬೇರೆ ಯಾರೂ ಬರುವ ಹಾಗಿಲ್ಲ. ಈಗ ಅದೇ ಹೊತ್ತಿಗೆ ಇನ್ನೊಂದು ಪ್ರೊಸೆಸರ್ ಇಂಟರಪ್ಟ್ ತಗೊಂಡು ಅದೇ ಬಫರಿಗೆ ಕೈ ಹಾಕುತ್ತಿತ್ತು. ಎರಡೂ ಜಾಗದಲ್ಲಿ ಸ್ಪಿನ್‌ಲಾಕ್ ಸೇರಿಸಿದ ಮೇಲೆ ಟರ್ಮಿನಲ್‌ಗಳು ನಿಲ್ಲುವುದು ನಿಂತಿತು. ಬಹು ಪ್ರೊಸೆಸರ್ ಅಂದರೇನು ಅಂತ ನನಗೆ ನಿಜವಾಗಿ ಮನಸ್ಸಿಗೆ ಇಳಿದದ್ದು ಆ ಕೋಡ್ ಎದುರು ಕೂತಾಗ.

ವೇಗದ ಮಾತು ಹೇಳಲೇಬೇಕು. ಒಬ್ಬರ ಒಂದು ಪ್ರೋಗ್ರಾಂ ಒಂದಿಷ್ಟೂ ಬೇಗ ಓಡಲಿಲ್ಲ, ಓಡುವುದೂ ಇಲ್ಲ. ಸುಮ್ನೆ ಮೇಕ್ ಕಮಾಂಡ್ ಕೊಟ್ಟು ಕರ್ನೆಲ್ ಕಂಪೈಲ್ ಮಾಡಿದರೆ, ಪ್ರೊಸೆಸರ್ ಬಳಕೆ ತೋರಿಸುವ ಟಾಪ್‌ನಲ್ಲಿ ಒಂದು ಪ್ರೊಸೆಸರ್ ಸದಾ ಖಾಲಿ. ಜೆ 3 ಅಂತ ಆಯ್ಕೆ ಕೊಟ್ಟು ಮೂರು ಕೆಲಸ ಒಟ್ಟಿಗೆ ಬಿಟ್ಟಾಗ ಎರಡೂ ತುಂಬಿದವು, ಸಮಯ ಅರ್ಧಕ್ಕಿಂತ ತುಸು ಜಾಸ್ತಿಗೆ ಇಳಿಯಿತು. ಲ್ಯಾಬಿಗೆ ಲಾಭವಾದದ್ದು ಬೇರೆ ಕಡೆ. ಒಂದು ನಿಲ್ಲದ ಲೂಪ್ ಒಂದು ಪ್ರೊಸೆಸರನ್ನು ತಿಂದರೂ ಇನ್ನೊಂದು ಉಳಿದವರಿಗೆ ಸಿಗುತ್ತಿತ್ತು. ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ) ಓದುವ ಲೆಕ್ಕವೂ ಬದಲಾಯಿತು. ಮೊದಲು 1 ಅಂದರೆ ತುಂಬಿದ ಹಾಗೆ, ಈಗ 2.

ಕೊನೆಗೊಂದು ವಿಷಯ, ಕರೆಂಟ್ ಹೋಗುವ ಊರಿನವರಿಗೆ. ಯುಪಿಎಸ್ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಶಟ್‌ಡೌನ್ ಆಗಲಿ ಅಂತ ಸ್ಕ್ರಿಪ್ಟ್ ಇತ್ತು. ಎಸ್‌ಎಂಪಿ ಕರ್ನೆಲ್ ಹಾಕಿದ ಮೇಲೆ ಶಟ್‌ಡೌನ್ ಪೂರ್ತಿ ಆಗುತ್ತಿತ್ತು, ಆದರೆ ಪರದೆಯಲ್ಲಿ ಪವರ್ ಡೌನ್ ಅಂತ ಬಂದು ಯಂತ್ರ ಆನ್ ಆಗಿಯೇ ಉಳಿಯುತ್ತಿತ್ತು, ಬ್ಯಾಟರಿ ಬರಿದಾಗುತ್ತಿತ್ತು. ಎಪಿಎಂ (ಬಯಾಸ್ ಮೂಲಕ ಪವರ್ ನಿಯಂತ್ರಿಸುವ ವ್ಯವಸ್ಥೆ) ಎರಡು ಪ್ರೊಸೆಸರ್ ಇದ್ದಾಗ ಸುರಕ್ಷಿತವಲ್ಲ ಅಂತ 2.4 ಕರ್ನೆಲ್ ಅದನ್ನು ಆಫ್ ಮಾಡಿಬಿಡುತ್ತದೆ, ಬೂಟ್ ಸಂದೇಶಗಳಲ್ಲಿ ಹಾಗೆ ಬರೆದೂ ಇರುತ್ತದೆ. ಎಪಿಎಂ ಈಕ್ವಲ್ಸ್ ಪವರ್-ಆಫ್ ಅಂತ ಲಿಲೋದ ಅಪೆಂಡ್ ಸಾಲಿಗೆ (ಕರ್ನೆಲ್‌ಗೆ ಕೊಡುವ ಆಯ್ಕೆಗಳ ಸಾಲು) ಸೇರಿಸಿದರೆ ಆಫ್ ಮಾಡುವ ಕೆಲಸಕ್ಕೆ ಮಾತ್ರ ಎಪಿಎಂ ಬಳಕೆಯಾಗುತ್ತದೆ. ಸೇರಿಸಿ, ಲಿಲೋ ಇನ್ನೊಮ್ಮೆ ಓಡಿಸಿ, ಯುಪಿಎಸ್‌ನ ಪ್ಲಗ್ ಕಿತ್ತು ಬ್ಯಾಟರಿ ಇಳಿಯುವವರೆಗೆ ಕಾದು ನೋಡಿದೆವು. ಯಂತ್ರ ಆಫ್ ಆಯಿತು. ಆಮೇಲೆಯೇ ಡೀಫಾಲ್ಟನ್ನು ಹೊಸ ಕರ್ನೆಲ್‌ಗೆ ಬದಲಿಸಿದ್ದು.